ಕಿಟ್ ಬ್ಯಾಗಿನಲ್ಲಿ ಐದು ತೆಂಗಿನಕಾಯಿ

ನನ್ನ ಹೆಂಡತಿ ಮಹಾದೇವಿ ಕ್ರಿಕೆಟ್ ಆಡುತ್ತಾಳೆ, ಫುಟ್‌ಬಾಲೂ ಆಡುತ್ತಾಳೆ. ನಾನು ಎರಡನ್ನೂ ಆಡುವುದಿಲ್ಲ. ಆದ್ದರಿಂದ ಮದುವೆಯಾದ ತಿಂಗಳಲ್ಲೇ ಅವಳ ಮ್ಯಾನೇಜರ್ ಹುದ್ದೆಗೆ ನನ್ನನ್ನು ನಾನೇ ನೇಮಿಸಿಕೊಂಡೆ. ಕೆಲಸ ಒಂದೇ, ಕಿಟ್ ಬ್ಯಾಗ್ ನೋಡಿಕೊಳ್ಳುವುದು. ಆಳಂದದ ತೊಗರಿ ಅಡತಿ ಅಂಗಡಿಯಲ್ಲಿ ವರ್ಷಗಟ್ಟಲೆ ಲಾರಿಗೆ ಚೀಲ ತುಂಬಿಸಿದವನು ನಾನು. ಒಂದು ಬ್ಯಾಗು ನನಗೆ ಯಾವ ದೊಡ್ಡ ಮಾತು?

ಯಾವುದಾದರೂ ಒಂದು ಆಟ ಬಿಡು ಎಂದು ಅವಳಿಗೆ ಊರೆಲ್ಲ ಬುದ್ಧಿ ಹೇಳಿತ್ತು. “ಕೈನೂ ಅದಾವ, ಕಾಲೂ ಅದಾವ. ಯಾವುದು ಬಿಡ್ಲಿ, ನೀವೇ ಹೇಳ್ರಿ” ಎನ್ನುತ್ತಿದ್ದಳು. ವಿಭಾಗದ ಕ್ರಿಕೆಟ್ ತಂಡದಲ್ಲಿ ಆಗಲೇ ಜಾಗ ಸಿಕ್ಕಿತ್ತು. ಫುಟ್‌ಬಾಲ್ ತಂಡದ ಆಯ್ಕೆಗಾರರು ಜೇವರ್ಗಿಯ ಪಂದ್ಯಕ್ಕೆ ಬರುವವರಿದ್ದರು. ಆ ವರ್ಷಕ್ಕೆ ಅದೇ ಕೊನೆಯ ಅವಕಾಶ. ಅದೇ ದಿನ ಬೆಳಿಗ್ಗೆ ಅಫಜಲಪುರದಲ್ಲಿ ಕ್ರಿಕೆಟ್ ಪಂದ್ಯವೂ ಬಂದು ಕೂತಿತು.

“ನಾ ಇದ್ದೇನಿ, ನೀ ಚಿಂತಿ ಮಾಡಬ್ಯಾಡ” ಎಂದೆ. ಚಿಂತೆ ಶುರುಮಾಡಬೇಕಾದದ್ದೇ ಆಗ. ಪಾಪ, ಅವಳಿಗೆ ಗೊತ್ತಾಗಲಿಲ್ಲ.

ಕ್ರಿಕೆಟ್ ಬೇಗ ಮುಗಿಯಿತು. ಗೆದ್ದರು. ಮಹಾದೇವಿ ಫುಟ್‌ಬಾಲ್ ಜರ್ಸಿ ತೊಟ್ಟು, ಚಪ್ಪಲಿ ಮೆಟ್ಟಿ ಬೈಕ್ ಹತ್ತಿದಳು. ಬ್ಯಾಗು ಮುಂದೆ, ಪೆಟ್ರೋಲ್ ಟ್ಯಾಂಕಿನ ಮೇಲೆ. ಕೈಯಲ್ಲಿ ಬೇಕಾದಷ್ಟು ಸಮಯವಿತ್ತು. ಅನಾಹುತಕ್ಕೆ ಅದೇ ಕಾರಣ.

ದಾರಿಯಲ್ಲಿ ಗೊಬ್ಬೂರ. ಅಲ್ಲಿ ನನ್ನ ಅವ್ವನ ತಂಗಿ, ಅಂದರೆ ನಮ್ಮ ಸಣ್ಣವ್ವನ ಮನೆ. ಹೊಸ ಸೊಸೆ ಇನ್ನೂ ಆ ಮನೆಯ ಹೊಸ್ತಿಲು ತುಳಿದಿರಲಿಲ್ಲ. ಮನೆ ಮುಂದೆಯೇ ಹಾದು ಹೋಗಿ ನಿಲ್ಲದಿದ್ದರೆ ಸಣ್ಣವ್ವ ಸಾಯುವ ತನಕ ಎತ್ತಿ ಆಡುತ್ತಾಳೆ.

“ಐದೇ ಮಿನಿಟ್. ನೀರ್ ಕುಡಿದು ಹೋಗೋಣು” ಎಂದೆ.

“ರೀ, ನಿಮ್ಮ ಐದ್ ಮಿನಿಟ್ ನಂಗ ಗೊತ್ತದ.”

ಸಣ್ಣವ್ವ ನೀರು ಕೊಟ್ಟಳು. ಮಜ್ಜಿಗೆ ಕೊಟ್ಟಳು. ಆಮೇಲೆ ಮಣೆ ಹಾಕಿದಳು. “ಮೊದಲನೇ ಸಲ ಬಂದ ಸೊಸಿ. ಉಡಿ ತುಂಬದ ಹಂಗೇ ಕಳಸ್ತಾರೇನೋ ತಮ್ಮಾ?”

ಮಹಾದೇವಿ ಜರ್ಸಿ ತೋರಿಸಿದಳು. “ಸೆರಗೇ ಇಲ್ರಿ ಸಣ್ಣವ್ವಾ.”

“ಸೆರಗಿಲ್ಲಂದ್ರ ಏನಾತವ್ವಾ? ಆ ಅಂಗಿ ತುದಿ ಹಿಡಿ.”

ಹೀಗೆ ಒಂಬತ್ತನೇ ನಂಬರಿನ ಜರ್ಸಿಯಲ್ಲಿ ಅಕ್ಕಿ, ತೆಂಗಿನಕಾಯಿ, ಉತ್ತತ್ತಿ, ಅಡಿಕೆ, ಅರಿಷಿಣ ಕೊಂಬು, ಮೇಲೊಂದು ಕುಪ್ಪಸದ ಖಣ ಬಿದ್ದವು. ಸುದ್ದಿ ಓಣಿಗೆ ಹಬ್ಬಿತು. ಅಕ್ಕಪಕ್ಕದ ನಾಲ್ಕು ಮನೆಯವರು ತಮ್ಮ ತಮ್ಮ ಕಾಯಿ, ಖಣ ಹಿಡಿದು ಬಂದರು. ಒಬ್ಬರದು ತುಂಬಿಸಿಕೊಂಡು ಇನ್ನೊಬ್ಬರದು ಬೇಡವೆನ್ನಲು ಬರುತ್ತದೆಯೇ? “ರೀ, ಮ್ಯಾಚ್” ಎಂದು ಮಹಾದೇವಿ ಹಲ್ಲು ಕಚ್ಚಿಕೊಂಡು ಅಂದಳು. ಮುಖದಲ್ಲಿ ಮಾತ್ರ ಹೊಸ ಸೊಸೆಯ ನಗು.

ಉಡಿ ತುಂಬಿದ್ದನ್ನು ಬಿಟ್ಟು ಬರುವಂತಿಲ್ಲ, ಮನೆಗೆ ಒಯ್ಯಲೇಬೇಕು. ಇಲ್ಲಿ ನನ್ನ ವೃತ್ತಿಪರತೆ ಜಾಗೃತವಾಯಿತು. ಲೋಡಿಂಗ್ ವಿಷಯದಲ್ಲಿ ನನ್ನದೊಂದು ಸಿದ್ಧಾಂತವಿದೆ: ಭಾರ ಕೆಳಗೆ, ಹಗುರ ಮೇಲೆ. ಬ್ಯಾಗಿನಲ್ಲಿದ್ದುದನ್ನೆಲ್ಲ ಕಟ್ಟೆಯ ಮೇಲೆ ಸುರಿದೆ. ತಳಕ್ಕೆ ಅಕ್ಕಿ ಗಂಟು, ಅದರ ಮೇಲೆ ಐದು ಕಾಯಿ, ಆಮೇಲೆ ಪ್ಯಾಡು, ಗ್ಲೌಸು. ಜಿಪ್ ಹತ್ತಲಿಲ್ಲ. ಅದಕ್ಕೂ ಹೆದರುವವನಲ್ಲ ನಾನು. ಸಣ್ಣವ್ವನ ಮನೆಯ ದಬ್ಬಣ, ಸುತಳಿ ತರಿಸಿ, ತೊಗರಿ ಚೀಲದ ಬಾಯಿ ಹೊಲಿದ ಹಾಗೆ ಬ್ಯಾಗಿನ ಬಾಯಿ ಹೊಲಿದೆ. ಓಣಿಯವರು ನಿಂತು ನೋಡಿ ಮೆಚ್ಚಿದರು.

ಜೇವರ್ಗಿ ಮೈದಾನ ತಲುಪಿದಾಗ ತಂಡಗಳು ಸಾಲಾಗಿ ನಿಂತಿದ್ದವು. ಫುಟ್‌ಬಾಲ್ ಕೋಚ್ ಶಾಹೀನ್ ಟೀಚರ್ ಬ್ಯಾಗನ್ನು ದಿಟ್ಟಿಸಿದರು. “ಭಾಯ್, ಇದು ಬ್ಯಾಗೋ, ತೊಗರಿ ಚೀಲೋ?”

ನನ್ನ ಹೊಲಿಗೆ ಬಿಚ್ಚುವುದಿಲ್ಲ. ಮಾರುಕಟ್ಟೆಯಲ್ಲಿ ಅದಕ್ಕೇ ನನಗೆ ಹೆಸರು. ಚಹಾದಂಗಡಿಯಿಂದ ಚಾಕು ತಂದು ಕೊಯ್ದದ್ದಾಯಿತು. ಅವಸರದಲ್ಲಿ ಬ್ಯಾಗನ್ನು ಬೋರಲು ಹಾಕಿದೆ. ಕಾಯಿಗಳು ಉರುಳುತ್ತಾ ರೆಫರಿಯ ಕಾಲ ತನಕ ಹೋದವು. ಪ್ಯಾಡು ಬಂತು, ಗ್ಲೌಸು ಬಂತು, ಉತ್ತತ್ತಿ ಬಂತು. ಫುಟ್‌ಬಾಲ್ ಬೂಟು ಬರಲಿಲ್ಲ.

ಅಷ್ಟರಲ್ಲಿ ಸಣ್ಣವ್ವನ ಫೋನು. “ತಮ್ಮಾ, ಕಟ್ಟಿ ಮ್ಯಾಲ ಒಂದ್ ಜೋಡಿ ಬೂಟ್ ಅದಾವಲ್ಲೋ. ಕೆಳಗ ಮೊಳಿ ಬ್ಯಾರೆ ಅದಾವ. ಯಾರವು?”

ಹೋಗಿ ತರಲು ಹೊತ್ತಿರಲಿಲ್ಲ, ಕ್ರಿಕೆಟ್ ಬೂಟಿನ ಕಬ್ಬಿಣದ ಮೊಳೆಗೆ ರೆಫರಿ ಒಪ್ಪಲಿಲ್ಲ. ಮೊದಲರ್ಧ ಪೂರ್ತಿ ಮಹಾದೇವಿ ಬೆಂಚಿನ ಮೇಲೆ, ಚಪ್ಪಲಿಯಲ್ಲಿ. ಎದುರು ತಂಡ ಒಂದು ಗೋಲು ಹೊಡೆಯಿತು. ಆಯ್ಕೆಗಾರರು ಆಕಳಿಸುತ್ತಿದ್ದರು. ಹೆಂಡತಿಯ ವರ್ಷದ ಬೆವರನ್ನು ನಾನು ಗೊಬ್ಬೂರಿನ ಕಟ್ಟೆಯ ಮೇಲೆ ಬಿಟ್ಟು ಬಂದಿದ್ದೆ.

ಮೊದಲರ್ಧದ ಕೊನೆಗೆ ನಮ್ಮ ತಂಡದ ಒಬ್ಬ ಹುಡುಗಿಯ ಕಾಲು ಉಳುಕಿತು. ಅವಳ ಬೂಟು ಮಹಾದೇವಿಗೆ ಎರಡು ಸೈಜು ದೊಡ್ಡದು. ಮಹಾದೇವಿ ಒಂದು ಕ್ಷಣ ಯೋಚಿಸಿ ನನ್ನತ್ತ ಕೈ ಚಾಚಿದಳು. “ಆ ಖಣ ಕೊಡ್ರಿ ಇಲ್ಲಿ.” ಎರಡು ಖಣಗಳನ್ನು ಮಡಚಿ ಬೂಟಿನ ತುದಿಗೆ ತುರುಕಿ ಮೈದಾನಕ್ಕಿಳಿದಳು.

ಇಳಿದವಳೇ ಒಂದು ಗೋಲು ಹೊಡೆದಳು. ಕೊನೆಗೆ ಮೂವರನ್ನು ದಾಟಿ ಓಡಿ, ಬಲಗಾಲಿನಿಂದ ಬೀಸಿದಳು ನೋಡಿ, ಚೆಂಡೂ ಹಾರಿತು, ಬೂಟೂ ಹಾರಿತು, ಅದರೊಳಗಿನ ಕೆಂಪು ಖಣವೂ ಹಾರಿತು. ಗೋಲ್‌ಕೀಪರ್ ಬಹಳ ಚುರುಕಿನ ಹುಡುಗಿ. ಜಿಗಿದು ಬೂಟು ಹಿಡಿದಳು. ಚೆಂಡು ಬಲೆಗೆ ಬಿತ್ತು. ರೆಫರಿ ತುಸು ಹೊತ್ತು ತಲೆ ಕೆರೆದುಕೊಂಡು ಗೋಲು ಕೊಟ್ಟರು. ಆಯ್ಕೆಗಾರರು ನಕ್ಕು ನಕ್ಕು ಕಣ್ಣೊರೆಸಿಕೊಳ್ಳುತ್ತಾ ಅವಳ ಹೆಸರು ಬರೆದುಕೊಂಡರು.

ಮನೆಯಲ್ಲಿ ಹದಿನೈದು ದಿನ ಕಾಯಿ ಚಟ್ನಿ ನಡೆಯಿತು. ಹದಿನಾರನೇ ದಿನ ತರಬೇತಿ ಶಿಬಿರಕ್ಕೆ ಹೊರಟಾಗ ನಾನು ಎಂದಿನಂತೆ ಬ್ಯಾಗಿಗೆ ಕೈ ಹಾಕಿದೆ. ಅದಕ್ಕೆ ಪುಟ್ಟದೊಂದು ಬೀಗ ಬಿದ್ದಿತ್ತು.

“ಅದನ್ನ ನಾ ಹಿಡೀತೇನಿ. ನೀವು ನೀರಿನ ಬಾಟಲಿ ಹಿಡೀರಿ, ಸಾಕು” ಎಂದಳು ಮಹಾದೇವಿ, ನಗುತ್ತಲೇ.

ಎರಡು ಆಟ ಆಡುವವಳಿಗೆ ಎರಡು ತಂಡದಲ್ಲೂ ಜಾಗ ಸಿಕ್ಕಿತು. ಒಂದೇ ಕೆಲಸವಿದ್ದ ನನ್ನನ್ನು ತಂಡದಿಂದ ಕೈಬಿಡಲಾಯಿತು.