ಸೀಮೆಸುಣ್ಣಕ್ಕೆ ಬೆದರುವ ಅಮಿಗ್ಡಲ ಅವರಿಗೆ

ಮಾನ್ಯರೇ,

ನನ್ನ ಮೆದುಳಿನಲ್ಲಿ ಎಡಕ್ಕೊಬ್ಬರು ಬಲಕ್ಕೊಬ್ಬರಂತೆ, ಬಾದಾಮಿಯಷ್ಟು ಜಾಗದಲ್ಲಿ ಕುಳಿತು ಇಡೀ ಮೈಯನ್ನು ಆಳುತ್ತಿರುವ ತಮಗೆ ಟೈರ್ ಅಂಗಡಿಯ ಕೆಲಸಗಾರನ ಸಾಷ್ಟಾಂಗ ನಮಸ್ಕಾರಗಳು. ಭಯದ ಗಂಟೆ ಬಾರಿಸುವವರು ತಾವೆಂದು ನರ್ಸ್ ಆಗಿರುವ ನನ್ನಕ್ಕ ತಿಳಿಸುವವರೆಗೆ ನಾನು ಪಾಪದ ಹೃದಯವನ್ನೇ ಬೈಯುತ್ತಿದ್ದೆ, ಕ್ಷಮೆಯಿರಲಿ.

ಒಂಬತ್ತನೇ ತರಗತಿಯಲ್ಲಿ ಗಣಿತದ ಮೇಷ್ಟ್ರು ಸೀಮೆಸುಣ್ಣ ಕೊಟ್ಟು, ಕಪ್ಪುಹಲಗೆಯ ಮುಂದೆ ನಿಲ್ಲಿಸಿ, ಲೆಕ್ಕ ಬಾರದ ನನ್ನನ್ನು ತೋರಿಸಿ ಎಲ್ಲರನ್ನೂ ನಗಿಸಿದ್ದನ್ನು ತಾವು ಎಷ್ಟು ಶ್ರದ್ಧೆಯಿಂದ ಕಾಪಾಡಿಕೊಂಡಿದ್ದೀರಿ! ಆ ಲೆಕ್ಕ ಮಾತ್ರ ನೆನಪಿಲ್ಲ. ತಮ್ಮ ಅಪ್ಪಣೆಯಂತೆ ಶಾಲೆಯನ್ನೂ ಬಿಟ್ಟೆ. ಲಾರಿಯ ಟೈರು ಮಾರು ದೂರದಲ್ಲಿ ಸಿಡಿದರೂ ಆಕಳಿಸುವ ತಾವು, ಬೆರಳುದ್ದದ ಸೀಮೆಸುಣ್ಣ ಕಂಡರೆ ನನ್ನ ಅಂಗೈ ಬೆವರಿಸುತ್ತೀರಿ. ತಮ್ಮ ವಿವೇಚನೆ ದೊಡ್ಡದು.

ನಮ್ಮಲ್ಲಿ ಚಕ್ರದ ನಟ್ಟನ್ನು ಬಿಗಿ ಮಾಡಿದ ಮೇಲೆ ಒಂದೊಂದಕ್ಕೂ ಸೀಮೆಸುಣ್ಣದ ಗೆರೆ ಎಳೆಯುವುದು ರೂಢಿ. ಗೆರೆ ನೋಡಿಯೇ ಮಾಲೀಕರು ಗಾಡಿ ಬಿಡುವುದು. ಸುಣ್ಣ ಬೇಗ ಕೈಬಿಟ್ಟರೆ ಸಾಕೆಂದು ನಾನು ಮೊದಲೇ ಗೆರೆ ಎಳೆದು, ಕೈ ತೊಳೆದು, ಆಮೇಲೆ ಬಿಗಿ ಮಾಡುತ್ತಿದ್ದೆ. ಮೊನ್ನೆ ಕೈ ತೊಳೆದು ಬರುವಷ್ಟರಲ್ಲಿ ಮಾಲೀಕರು ಜ್ಯಾಕ್ ಇಳಿಸಿ ಶಾಲಾ ವ್ಯಾನನ್ನು ಕಳಿಸಿಬಿಟ್ಟಿದ್ದರು. ಮುಂದಿನ ಬೀದಿಯಲ್ಲಿ ಹದಿನಾಲ್ಕು ಮಕ್ಕಳು ಅದಕ್ಕಾಗಿ ಕಾಯುತ್ತಿದ್ದರು.

ತಮ್ಮ ಆಜ್ಞೆ ಸ್ಪಷ್ಟವಾಗಿತ್ತು: ಹಿಂಬಾಗಿಲಿಂದ ಓಡು. ಕಾಲಿಗೆ ಒದಗಿಸಿದ ಕಸುವಿಗೆ ನಾನು ಕೃತಜ್ಞ. ಅದನ್ನೇ ಬಳಸಿ ಮುಂಬಾಗಿಲಿಂದ ಓಡಿ, ತಿರುವಿನಲ್ಲಿ ನಿಧಾನಿಸಿದ ವ್ಯಾನಿಗೆ ಅಡ್ಡ ನಿಂತೆ. "ಸಾಯೋಕೆ ನನ್ ಗಾಡೀನೇ ಬೇಕಿತ್ತೇನೋ?" ಎಂದು ಇಳಿದ ಚಾಲಕ, ಬೆರಳಲ್ಲೇ ತಿರುಗಿದ ನಟ್ಟನ್ನು ನೋಡಿ ರಸ್ತೆಬದಿ ಕುಳಿತುಬಿಟ್ಟ.

ಸ್ಪ್ಯಾನರ್ ಜಾರಿತು ಎಂದುಬಿಡು ಎಂಬ ತಮ್ಮ ಸಲಹೆಯನ್ನೂ ಪಾಲಿಸಲಾಗಲಿಲ್ಲ. "ಗೆರೆ ನೋಡೇ ಕಳಿಸ್ದೆನಲ್ಲೋ! ಗೆರೆ ಸುಳ್ಳಾ?" ಎಂದರು ಮಾಲೀಕರು. "ಸುಳ್ಳೇ ಅಣ್ಣ" ಎಂದೆ. ಅವರೇ ಸ್ಪ್ಯಾನರ್ ಹಿಡಿದು ವ್ಯಾನಿನ ನಟ್ಟುಗಳನ್ನೆಲ್ಲ ಬಿಗಿ ಮಾಡಿ, "ನಾಳೆಯಿಂದ ಎಲ್ಲಾ ಗಾಡಿಗೂ ನೀನೇ ಎಳಿ. ಒಂದೊಂದ್ ನಟ್ಟೂ ಮುಟ್ಟಿ ನೋಡಿ ಎಳಿ" ಎಂದು ಸೀಮೆಸುಣ್ಣದ ಇಡೀ ಡಬ್ಬಿಯನ್ನೇ ನನ್ನ ಕೈಗಿಟ್ಟರು.

ಆದ್ದರಿಂದ ಸುಣ್ಣದ ಕಡತ ಮುಚ್ಚಿ, ಸಡಿಲ ನಟ್ಟಿನ ಕಡತ ತೆರೆಯಬೇಕೆಂದು ಪ್ರಾರ್ಥನೆ. ಸಾಧ್ಯವಾಗದಿದ್ದರೆ ಗಣಿತದ ಮೇಷ್ಟ್ರ ತಲೆಗೆ ವರ್ಗಾವಣೆ ಕೋರಿಕೊಳ್ಳಿ, ನನ್ನ ಅಭ್ಯಂತರವಿಲ್ಲ.

ಬೇರೆ ದಾರಿಯಿಲ್ಲದೆ ತಮ್ಮ ವಿಶ್ವಾಸಿ,
ಟೈರ್ ಅಂಗಡಿಯವನು

ವಿ.ಸೂ.: ಇಂದು ಒಂಬತ್ತು ಗಾಡಿಗಳಿಗೆ ಗೆರೆ ಎಳೆದೆ. ಒಂಬತ್ತು ಸಲವೂ ತಾವು ಅಪಾಯವೆಂದು ಕೂಗಿದಿರಿ. ಗೆರೆಗಳು ಸೊಟ್ಟಗಿವೆ, ನಟ್ಟುಗಳು ಬಿಗಿಯಾಗಿವೆ.