ಮೇಲಿನ ಮನೆಯ ಡಬ್ಬಿ

ತೂಕ ಇಳಿಸುವುದು ದೊಡ್ಡ ಸಾಧನೆಯೇನಲ್ಲ. ಹದಿನಾಲ್ಕು ಕಿಲೋ ಇಳಿಸಿದವನಾದ್ದರಿಂದ ಹೀಗೆ ಹೇಳುವ ಅಧಿಕಾರ ನನಗಿದೆ. ಇಳಿಸುವಾಗ ಜನ ಶಭಾಸ್ ಎನ್ನುತ್ತಾರೆ, ಪ್ಯಾಂಟು ತಾನಾಗಿಯೇ ಜಾರಿ ನಿಮ್ಮ ಕೀರ್ತಿಯನ್ನು ಸಾರುತ್ತದೆ. ಇಳಿದ ತೂಕವನ್ನು ಅಲ್ಲಿಯೇ ಹಿಡಿದಿಡುವುದಿದೆಯಲ್ಲ, ಅದಕ್ಕೆ ಯಾರೂ ಚಪ್ಪಾಳೆ ತಟ್ಟುವುದಿಲ್ಲ. ನಿನ್ನೆ ಇದ್ದಷ್ಟೇ ಇವತ್ತೂ ಇರುವವನನ್ನು ಹೊಗಳಲು ಯಾರಿಗೆ ಪುರುಸೊತ್ತಿದೆ?

ನನ್ನದು ಅಂದಚೆಂದದ ಹಟವಲ್ಲ. ನನ್ನ ಅಪ್ಪನ ಬಲಗಾಲಿನ ಎರಡು ಬೆರಳುಗಳನ್ನು ಸಕ್ಕರೆ ಕಾಯಿಲೆ ಕಿತ್ತುಕೊಂಡಿತ್ತು. ಧಾರವಾಡದಲ್ಲಿ ಆ ಗಾಯಕ್ಕೆ ಪಟ್ಟಿ ಕಟ್ಟುತ್ತಿದ್ದವನು ನಾನೇ. ಹೀಗಾಗಿ ನನಗೂ ಸಕ್ಕರೆ ಎಂದು ತಿಳಿದಾಗ ನಿಜವಾಗಿಯೂ ಹೆದರಿದೆ. ತೂಕ ಇಳಿದ ಮೇಲೆ ಡಾಕ್ಟರ್ ಹರ್ಷದಾ ಗುಳಿಗೆ ನಿಲ್ಲಿಸಿದರು. "ಆರು ತಿಂಗಳು ಇಷ್ಟೇ ತೂಕ ಕಾಯ್ದುಕೊಳ್ಳಿ. ಏರಿದರೆ ಗುಳಿಗೆ ಮತ್ತೆ ಶುರು," ಎಂದರು. ಮಗರಪಟ್ಟಾದ ಅವರ ದವಾಖಾನೆಯಿಂದ ಹೊರಬಂದಾಗ ನನ್ನ ಹೆಂಡತಿ ಗೋದಾ ರಸ್ತೆಯಲ್ಲೇ ನಿಂತು ಕಣ್ಣೊರೆಸಿಕೊಂಡಳು.

ಇಷ್ಟು ಕಷ್ಟದ ತೂಕಕ್ಕೆ ವೈರಿಯಾಗಿ ಬಂದದ್ದು ಒಂದು ಸ್ಟೀಲ್ ಡಬ್ಬಿ. ಮರಾಠಿ ಸೀಮೆಯ ಹಡಪಸರದ ನಮ್ಮ ಬಿಲ್ಡಿಂಗಿನಲ್ಲಿ ನಮ್ಮ ಮೇಲಿನ ಮನೆ ಏಕನಾಥರಾವ್ ಮತ್ತು ಮಂಜರಿತಾಯಿಯವರದು (ಇಲ್ಲಿ ಅಕ್ಕನಿಗೆ ತಾಯಿ ಎನ್ನುತ್ತಾರೆ). ಒಂದು ದಿನ ಅವರ ಡಬ್ಬಿಯಲ್ಲಿ ಚಿರೋಟಿ ಇಳಿಯಿತು. ಗೋದಾ ಡಬ್ಬಿ ತೊಳೆದು, ಬೇಸನ್ ಉಂಡಿ ತುಂಬಿ ಮೇಲಕ್ಕೆ ಹತ್ತಿಸಿದಳು. ಅಲ್ಲಿಂದ ಶಂಕರಪಾಳಿ ಬಂತು, ಇಲ್ಲಿಂದ ಕರಿಗಡಬು ಹೋಯಿತು. ಕಳಿಸಿ ಉಳಿದದ್ದು ಮನೆಯಲ್ಲೇ ಇರುತ್ತದಲ್ಲ (ಡಬ್ಬಿಯ ಅಳತೆಗೆ ಸರಿಯಾಗಿ ಕಡುಬು ಮಾಡುವ ಹೆಂಗಸು ನಮ್ಮ ಕಡೆ ಇನ್ನೂ ಹುಟ್ಟಿಲ್ಲ). ಶಂಕರಪಾಳಿಯ ಗುಣವಂತೂ ನಿಮಗೆ ಗೊತ್ತು. ಒಂದನ್ನು ತಿಂದರೆ ತಿಂದ ಹಾಗೇ ಆಗುವುದಿಲ್ಲ.

"ಒಮ್ಮೆ ಖಾಲಿ ಡಬ್ಬಿ ಕೊಟ್ಟು ಬಾ. ಎಲ್ಲಾ ಮುಗೀತದ," ಎಂದೆ.

"ಖಾಲಿ ಡಬ್ಬಿ? ಹುಚ್ಚು ಹಿಡದದೇನ್ರಿ ನಿಮಗ? ಮಂದಿ ಡಬ್ಬಿ ಖಾಲಿ ಕಳಸೂದಂದ್ರ ನಮ್ಮ ಮನ್ಯಾಗ ಏನೂ ಇಲ್ಲಂತ ಡಂಗುರ ಹೊಡದಂಗ. ನಮ್ಮವ್ವ ಏನೂ ಇಲ್ಲಂದ್ರ ಒಂದು ಹಿಡಿ ಸಕ್ರಿ ಆದ್ರೂ ಹಾಕಿ ಕೊಡ್ತಿದ್ಲು."

"ಸಕ್ರಿ ಹೆಸರು ಎತ್ತಬ್ಯಾಡ."

"ನೀವು ತಿನ್ನಬ್ಯಾಡ್ರಿ. ನಿಮ್ಮ ಬಾಯಾಗ ಯಾರರೆ ತುರುಕಾಕತ್ತಾರೇನು?"

ಯಾರೂ ತುರುಕಿರಲಿಲ್ಲ, ನಿಜ. ಆದರೂ ಬಾಯಲ್ಲಿ ಕರಿಗಡಬು ಇತ್ತು.

ಒಂದು ಭಾನುವಾರ ಗೋದಾ ಭಜನೆಗೆ ಹೋದಾಗ ನನಗೊಂದು ದಿವ್ಯ ಉಪಾಯ ಹೊಳೆಯಿತು. ನನ್ನ ಪಥ್ಯದ ಮೊಳಕೆ ಹೆಸರುಕಾಳು, ಹೆಚ್ಚಿದ ಸೌತೆಕಾಯಿ, ಎರಡನ್ನೂ ಒಗ್ಗರಣೆಯಿಲ್ಲದೆ ಉಪ್ಪಿಲ್ಲದೆ ಡಬ್ಬಿಗೆ ತುಂಬಿ, ನಾನೇ ಹೋಗಿ ಮಂಜರಿತಾಯಿಯ ಕೈಗೆ ಕೊಟ್ಟೆ. ಡಬ್ಬಿ ಖಾಲಿ ಹೋಗಲಿಲ್ಲ, ಸಂಪ್ರದಾಯ ಉಳಿಯಿತು. ಇಂಥದ್ದನ್ನು ತಿಂದವರು ಮತ್ತೆ ಡಬ್ಬಿ ಕಳಿಸಲಾರರು. ನಾನು ಯುದ್ಧ ನಿಲ್ಲಿಸಿ ಬಂದ ರಾಯಭಾರಿಯ ಗತ್ತಿನಲ್ಲಿ ಮೆಟ್ಟಿಲಿಳಿದೆ.

ಮರುದಿನ ಸಂಜೆ ಏಕನಾಥರಾವ್ ಬಂದರು. ಪಕ್ಕದಲ್ಲಿ ಕೂತು ನನ್ನ ಕೈ ಹಿಡಿದುಕೊಂಡರು. "ಯಾವ ಆಸ್ಪತ್ರೆ?" ಎಂದು ಮರಾಠಿಯಲ್ಲಿ ಮೆಲ್ಲಗೆ ಕೇಳಿದರು.

"ಯಾತಕ್ಕೆ?"

"ಮುಚ್ಚಿಡಬೇಡಿ. ನೀವು ತೆಳ್ಳಗಾದಾಗಲೇ ಮಂಜರಿಗೆ ಅನುಮಾನ ಬಂದಿತ್ತು. ನಿನ್ನೆ ಆ ರೋಗಿಯ ಊಟ ನೋಡಿ ಅತ್ತುಬಿಟ್ಟಳು."

"ಸ್ವಲ್ಪ ಸಕ್ಕರೆ, ಅಷ್ಟೇ," ಎಂದೆ.

"ಸಕ್ಕರೆ ನನಗೂ ಇದೆ," ಎಂದು ಏಕನಾಥರಾವ್ ತಮ್ಮ ತುಂಬಿದ ಹೊಟ್ಟೆಯ ಮೇಲೆ ಕೈಯಾಡಿಸಿ ನಿಟ್ಟುಸಿರು ಬಿಟ್ಟರು. ಸಕ್ಕರೆ ಎಂದರೆ ಹೀಗಿರಬೇಕು ಎಂಬ ಭಾವ ಅವರ ಮುಖದಲ್ಲಿತ್ತು.

ಮಂಜರಿತಾಯಿ ಒಬ್ಬರೇ ಕೂತು ಅಳುವ ಪೈಕಿಯವರಲ್ಲ, ಸುದ್ದಿ ಮನೆಮನೆಗೂ ಮುಟ್ಟಿತು. ಇಡೀ ಬಿಲ್ಡಿಂಗು ಎಳನೀರು, ಮೋಸಂಬಿ ಹಿಡಿದು ರೋಗಿಯನ್ನು ನೋಡಲು ಬಂತು. ನನಗೇನೂ ಆಗಿಲ್ಲ ಎಂದರೆ ಎಂಥ ಧೈರ್ಯ ಎಂದು ತಲೆಯಾಡಿಸಿದರು. ಬೆಳಿಗ್ಗೆ ಓಡಲು ಹೊರಟರೆ ಕೈಹಿಡಿದು ಬೆಂಚಿನ ಮೇಲೆ ಕೂರಿಸಿದರು.

ಗೋದಾ ಕೆರಳಿದಳು. "ಲಿಫ್ಟಿನ್ಯಾಗ ಒಬ್ಬಾಕಿ ನನ್ನ ಬೆನ್ನು ಸವರಿ ಸಮಾಧಾನ ಮಾಡಿದ್ಲರೀ! ಗಟ್ಟಿಮುಟ್ಟ ಗಂಡನ್ನ ಮನ್ಯಾಗ ಇಟಗೊಂಡು ನಾ ಇದನ್ನ ಕೇಳಬೇಕೇನು? ನಾಳೆ ಮಂಜರಿತಾಯಿ ಊಟಕ್ಕ ಕರದಾರ. ಎಲ್ಲಾರ ಮುಂದ ಹೊಟ್ಟಿ ತುಂಬ ಉಣ್ರಿ."

"ಡಾಕ್ಟರ್ ಹೇಳಿದ್ದು ಮರತಿಯೇನು?"

"ಡಾಕ್ಟರ್ ನಮ್ಮ ಬಿಲ್ಡಿಂಗಿನ್ಯಾಗ ಇರಂಗಿಲ್ಲ. ನಾ ಇರ್ತೀನಿ."

ಉಂಡೆ. ಪುರಣಪೋಳಿ, ಮೇಲೆ ತುಪ್ಪ, ಪಕ್ಕದಲ್ಲಿ ಬಾಸುಂದಿ. ನಾನು ತುತ್ತು ಇಟ್ಟಾಗಲೆಲ್ಲ ಸುತ್ತ ಕೂತವರ ಮುಖ ಅರಳುತ್ತಿತ್ತು. ಅಲ್ಲಿಗೆ ಮುಗಿಯಿತು ಎಂದುಕೊಂಡದ್ದು ನನ್ನ ಮೂರ್ಖತನ. ಅವರಲ್ಲಿ ಉಂಡವನು ಇವರಲ್ಲಿ ಬೇಡ ಎಂದರೆ ಕಾಯಿಲೆ ಮರುಕಳಿಸಿತು ಎಂಬ ಸುದ್ದಿ ಹಬ್ಬುತ್ತಿತ್ತು. ಹೀಗಾಗಿ ಕರೆದ ಮನೆಗೆಲ್ಲ ಹೋಗಿ ನಾನು ಆರೋಗ್ಯವಂತನೆಂದು ತಿಂದು ಸಾಬೀತು ಮಾಡಬೇಕಾಯಿತು. ರುಚಿಯಾಗಿತ್ತೇ ಎಂದು ಕೇಳಬೇಡಿ. ಆಗಿತ್ತು.

ಆರು ತಿಂಗಳು ತುಂಬಿದ ದಿನ ಡಾಕ್ಟರ್ ಹರ್ಷದಾ ತೂಕದ ಯಂತ್ರವನ್ನೂ ರಕ್ತದ ರಿಪೋರ್ಟನ್ನೂ ನೋಡಿದರು, ಆಮೇಲೆ ನನ್ನನ್ನು ನೋಡಿದರು. ಬಯ್ಯಲಿಲ್ಲ. ಸುಮ್ಮನೆ ಗುಳಿಗೆ ಬರೆದರು. ಬೈದಿದ್ದರೆ ವಾಸಿಯಿತ್ತು. ನಾನು ಚಪ್ಪಲಿಯಲ್ಲಿದ್ದ ನನ್ನ ಬೆರಳುಗಳನ್ನು ನೋಡಿಕೊಂಡೆ, ಅಪ್ಪನ ನೆನಪಾಯಿತು. ರಿಕ್ಷಾದಲ್ಲಿ ಗೋದಾ ಗುಳಿಗೆಯ ಪೊಟ್ಟಣವನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದಳು.

"ಮಂದಿ ಬಾಯಿಗೆ ಅಂಜಿ ನಾ ನಿಮಗ ಉಣ್ಣಿಸಿದೆ. ಭಾಳ ಕೆಟ್ಟ ಅನಸಾಕತ್ತದರಿ," ಎಂದಳು.

"ಉಂಡಾಂವ ನಾನು," ಎಂದೆ. ನಮ್ಮ ಸಂಸಾರದಲ್ಲಿ ಇಬ್ಬರೂ ಒಟ್ಟಿಗೆ ತಪ್ಪು ಒಪ್ಪಿಕೊಂಡದ್ದು ಅದೇ ಮೊದಲು.

ಗೇಟಿನಲ್ಲಿ ಮಂಜರಿತಾಯಿ ಎದುರಾದರು. ಗೋದಾಳ ಕೈಯಲ್ಲಿದ್ದ ಗುಳಿಗೆಯ ಪೊಟ್ಟಣ ನೋಡಿದರು, ಮತ್ತೆ ತುಂಬಿಕೊಂಡ ನನ್ನ ಗಲ್ಲ ನೋಡಿದರು, ಅಂಗಿಯ ಗುಂಡಿಗಳ ನಡುವಿನಿಂದ ಇಣುಕುತ್ತಿದ್ದ ಹೊಟ್ಟೆ ನೋಡಿದರು. ಅವರ ಕಣ್ಣು ತುಂಬಿ ಬಂತು. ಎರಡೂ ಕೈ ಜೋಡಿಸಿ ಆಕಾಶಕ್ಕೆ ಮುಗಿದರು.

"ದೇವರು ದೊಡ್ಡವನು! ಅಂತೂ ಔಷಧ ಮೈಗೆ ಹತ್ತಿತು!" ಎಂದರು.

ನಾನು ಇನ್ನೂ ಒಂದು ಗುಳಿಗೆಯನ್ನೂ ನುಂಗಿರಲಿಲ್ಲ. ಬಾಯಿ ತೆರೆಯುವಷ್ಟರಲ್ಲಿ ಅವರು ಸಂತೋಷದ ಸುದ್ದಿ ಹೇಳಲು ಮೆಟ್ಟಿಲು ಹತ್ತಿಯಾಗಿತ್ತು. ಬರುವ ಭಾನುವಾರ, ನಾನು ಗುಣಮುಖನಾದ ಖುಷಿಗೆ, ಟೆರೇಸಿನ ಮೇಲೆ ಇಡೀ ಬಿಲ್ಡಿಂಗಿಗೆ ಊಟವಿಟ್ಟಿದ್ದಾರೆ. ಮೊದಲ ಎಲೆ ನನ್ನದಂತೆ.