ಇವರ ಬೆನ್ನು ನೋಡಲು ಬಂದವರು

ನಮ್ಮ ಕಡೆ ಯಾರಾದರೂ ಮರದಿಂದಲೋ ಏಣಿಯಿಂದಲೋ ಬಿದ್ದು ಬೆನ್ನುಮೂಳೆ ಮುರಿದುಕೊಂಡರೆ ಮೊದಲ ಫೋನು ಆಂಬುಲೆನ್ಸಿಗೆ, ಎರಡನೆಯದು ಪೆರಾಬೆಯ ನಮ್ಮ ಮನೆಗೆ. ಎಂಟು ವರ್ಷದ ಹಿಂದೆ ನನ್ನ ಗಂಡ ಹಲಸಿನ ಮರದಿಂದ ಬಿದ್ದಾಗ ಪುತ್ತೂರಿನಲ್ಲಿ ಬೆನ್ನನ್ನು ಉದ್ದಕ್ಕೆ ಕೊಯ್ಯದೆ, ಸಣ್ಣ ಸಣ್ಣ ತೂತು ಮಾಡಿಯೇ ಸ್ಕ್ರೂ, ಸರಳು ಕೂರಿಸಿದ್ದರು. ಅಂದಿನಿಂದ ಇವರ ಬೆನ್ನು ಊರಿನ ಸೊತ್ತು. ಬಂದವರಿಗೆಲ್ಲ ಕಾಫಿ ಮಾಡುವ ಕರ್ಮ ನನ್ನದು.

೧. ಗಾಯ ಎಲ್ಲಿ?

ಕೊಯಿಲದಿಂದ ಒಬ್ಬರು ಅಜ್ಜಿ ಬಂದರು. ಅವರ ಮಗ ಬಿದ್ದು ಆಸ್ಪತ್ರೆಯಲ್ಲಿದ್ದ. ಇವರು ಅಭ್ಯಾಸಬಲದಿಂದ ಅಂಗಿ ತೆಗೆದು ತಿರುಗಿ ಕುಳಿತರು. ಅಜ್ಜಿ ಕನ್ನಡಕ ಹಾಕಿ ಎಷ್ಟು ಹುಡುಕಿದರೂ ಗಾಯದ ಕಲೆ ಸಿಗಲಿಲ್ಲ. ನಾನು ಬೆರಳಿಟ್ಟು ತೋರಿಸಿದರೆ, ಅದು ಸೊಳ್ಳೆ ಕಚ್ಚಿದ್ದಲ್ಲವಾ ಎಂದರು. ಒಲೆಯ ಮೇಲಿನ ಹಾಲು ಬಿಟ್ಟು ಓಡಿ, ಹಳೆಯ ಎಕ್ಸ್‌ರೇ ತಂದು ಸ್ಕ್ರೂ ತೋರಿಸಿದೆ. ಅಜ್ಜಿ ಅದನ್ನೊಮ್ಮೆ, ಬೆನ್ನನ್ನೊಮ್ಮೆ ನೋಡಿ ತೀರ್ಪು ಕೊಟ್ಟರು.

"ಇಷ್ಟು ದೊಡ್ಡ ಸ್ಕ್ರೂ ಆ ತೂತಲ್ಲಿ ಹೋಗ್ಲಿಕ್ಕೆ ಸಾಧ್ಯವೇ ಇಲ್ಲ. ಮಾತ್ರೆ ಹಾಗೆ ನುಂಗಿಸಿದ್ದು."

ಹಾಲು ಉಕ್ಕಿ ಹೋಗಿತ್ತು.

೨. ಡಾಕ್ಟರು ಹೇಳಿದ್ದು

ಚೆಕಪ್ಪಿಗೆ ಹೋದಾಗ ಡಾಕ್ಟರು, ಮೂಳೆ ಚೆನ್ನಾಗಿ ಕೂಡಿದೆ, ಇನ್ನು ಎಲ್ಲ ಕೆಲಸ ಮಾಡಬಹುದು ಎಂದರು. ನಾನು ಪಕ್ಕದಲ್ಲೇ ಕುಳಿತು ಕಿವಿಯಾರೆ ಕೇಳಿದ್ದೇನೆ. ಮನೆಗೆ ಬಂದು ಗ್ಯಾಸ್ ಸಿಲಿಂಡರ್ ಒಳಗಿಡಿ ಎಂದರೆ, ಬೆನ್ನಲ್ಲಿ ಸ್ಕ್ರೂ ಉಂಟು, ಭಾರ ಎತ್ತಲಿಕ್ಕಿಲ್ಲ ಎಂದರು ಇವರು. ಡಾಕ್ಟರು ಹೇಳಿದ್ದನ್ನು ನೆನಪಿಸಿದೆ.

"ಅದು ಅವರು ಧೈರ್ಯಕ್ಕೆ ಹೇಳುದು, ಮಾರಾಯ್ತಿ."

ಅದೇ ವಾರ ನೆರೆಮನೆಯಿಂದ ದೊಡ್ಡ ಹಲಸಿನ ಹಣ್ಣು ಹೊತ್ತು ತಂದರು. ಇದು ಭಾರ ಅಲ್ಲವಾ ಎಂದು ಕೇಳಿದೆ. ತಂದದ್ದು ತಲೆಯ ಮೇಲೆ, ಬೆನ್ನಿಗೆ ಏನೂ ಸಂಬಂಧ ಇಲ್ಲವಂತೆ.

೩. ನೆಟ್ಟಣದ ಭಾವ

ಕೆಲವು ತಿಂಗಳ ಹಿಂದೆ ನೆಟ್ಟಣದಲ್ಲಿರುವ ನನ್ನ ನಾದಿನಿಯ ಗಂಡ ಕಾಳುಮೆಣಸು ಕೊಯ್ಯುವಾಗ ಏಣಿಯಿಂದ ಬಿದ್ದರು. ಇವರಿಗೆ ಮಾಡಿದಂಥದ್ದೇ ಆಪರೇಷನ್ ಬೇಕು, ತಡ ಮಾಡಿದರೆ ಕಾಲಿನ ಬಲ ಹೋಗಬಹುದು ಎಂದು ಡಾಕ್ಟರು ಹೇಳಿದರು. ಭಾವ ಸುತರಾಂ ಒಪ್ಪಲಿಲ್ಲ. ನಾವು ಧೈರ್ಯ ಹೇಳಲು ಪುತ್ತೂರಿನ ಆಸ್ಪತ್ರೆಗೆ ಓಡಿದೆವು. ಅವರು ಮಲಗಿದ್ದಲ್ಲಿಂದಲೇ ಇವರನ್ನು ನೋಡಿದರು.

"ನಿನ್ನ ಹಾಗೆ ಆಗುದು ನನಗೆ ಬೇಡ ಭಾವ. ಸುಳ್ಯದ ಮದುವೆಯಲ್ಲಿ ಒಂದು ಕುರ್ಚಿ ಎತ್ಲಿಕ್ಕೆ ನಿನ್ನಿಂದ ಆಗ್ಲಿಲ್ಲ."

ನಾದಿನಿ ಸೆರಗಲ್ಲಿ ಕಣ್ಣೊರೆಸಿದಳು. ಎಂಟು ವರ್ಷದ ಹಿಂದೆ, ಇವರ ಕಾಲ್ಬೆರಳು ಅಲುಗುತ್ತದಾ ಎಂದು ನೋಡುತ್ತಾ ಕುಳಿತಿದ್ದ ಆ ಹೆದರಿಕೆ ನನಗೆ ಮತ್ತೆ ಬಂತು. ಅದಕ್ಕಿಂತ ಹೆಚ್ಚು ಸಿಟ್ಟು ಬಂತು. ಇವರನ್ನು ದುರುಗುಟ್ಟಿ ನೋಡಿದೆ.

ಇವರು ಹೊರಗೆ ಹೋದರು. ವರಾಂಡದಲ್ಲಿದ್ದ ತುಂಬಿದ ನೀರಿನ ಕ್ಯಾನನ್ನು ಹೆಗಲಿಗೇರಿಸಿ ತಂದು ಮಂಚದ ಬಳಿ ಇಳಿಸಿದರು, ಬಗ್ಗಿ ಮತ್ತೆ ಎತ್ತಿದರು. ಭಾವ ಕಣ್ಣು ಬಿಟ್ಟು ನೋಡಿದರು.

"ಹಾಗಾದ್ರೆ ಮದುವೆಯಲ್ಲಿ ಎಂತ ಆದದ್ದು?"

"ಉದಾಸೀನ," ಎಂದರು ಇವರು, ನನ್ನ ಕಡೆ ನೋಡದೆ.

ಭಾವ ಒಪ್ಪಿದರು. ಆಪರೇಷನ್ ಚೆನ್ನಾಗಿ ಆಯಿತು. ಆ ಸಂತೋಷಕ್ಕೆ ಹಿಂದಿನದೆಲ್ಲ ಮನ್ನಿಸಿಬಿಟ್ಟೆ. ಈಗ ನಮ್ಮ ಮನೆಯ ಸಿಲಿಂಡರ್ ಇವರೇ ಎತ್ತುತ್ತಾರೆ, ಬೇರೆ ದಾರಿ ಉಳಿದಿಲ್ಲ.

ಮೊನ್ನೆ ನಾದಿನಿ ಫೋನ್ ಮಾಡಿದಳು. ಭಾವ ನಡೆಯುತ್ತಾರಂತೆ, ಸ್ಕೂಟರ್ ಬಿಡುತ್ತಾರಂತೆ, ಎಲ್ಲ ಕೆಲಸ ಮಾಡಬಹುದು ಎಂದು ಡಾಕ್ಟರೂ ಹೇಳಿದ್ದಾರಂತೆ. ನನಗೆ ಕಣ್ಣು ತುಂಬಿ ಬಂತು. ಅವಳ ಸ್ವರದಲ್ಲಿ ಮಾತ್ರ ಸಂತೋಷ ಇರಲಿಲ್ಲ.

"ಆದ್ರೆ ಅತ್ತಿಗೆ, ಅಕ್ಕಿ ಚೀಲ ಎತ್ತಿ ಅಂದ್ರೆ ಬೆನ್ನಲ್ಲಿ ಸ್ಕ್ರೂ ಉಂಟು ಹೇಳ್ತಾರೆ. ಅಣ್ಣ ಹೇಳಿಕೊಟ್ಟದ್ದಂತೆ. ಎಂಟು ವರ್ಷ ಧಾರಾಳ ನಡೀತದಂತೆ."